ನೆರಳು ಬಿಟ್ಟ ಕಟ್ಟೆ

ಜನವರಿ 16, 1979, ಮಂಗಳವಾರ

ಸಂಜೆ ಆರು ಗಂಟೆ. ಇವತ್ತು ಜೋಳ ಬೀಸಿಸಿಕೊಂಡು ಬಂದೆ, ಒಲೆಯ ಬೂದಿ ತೆಗೆದೆ, ಒಂದು ಹುಡುಗಿಯನ್ನು ಬೈದು ಓಡಿಸಿದೆ.

ಹೆಂಡತಿ ಸಾವಂತ್ರಮ್ಮ ತೀರಿಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಮದುವೆಯಾದಾಗಿನಿಂದ ನಾನು ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿ ತೂಕದ ಕೆಲಸದಲ್ಲಿದ್ದೆ. ವಾರವೆಲ್ಲ ಅಲ್ಲಿ, ಭಾನುವಾರ ಮಾತ್ರ ಊರಲ್ಲಿ. ಅವಳು ಹೋದ ಮೇಲೆ ಕೆಲಸ ಬಿಟ್ಟು ಬಂದೆ. ಮಿಲ್ಲಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಹೊರಗೆ ಮಾತಾಡಲು ಮನಸ್ಸಿಲ್ಲ, ಅದಕ್ಕೆ ಬರೆಯುತ್ತೇನೆ.

ಶಾಲೆ ನಮ್ಮ ಮನೆಯ ಎದುರಿಗೇ ಇದೆ. ಬೆಳಿಗ್ಗೆ ಅಲ್ಲಿ ಗಂಟೆ ಬಾರಿಸಿದ ಮೇಲೆ ಬಾಗಿಲು ತೆರೆದು ಚೊಂಬಿನ ನೀರು ಚೆಲ್ಲಲು ಕೈ ಎತ್ತಿದೆ. ಕಟ್ಟೆಯ ಮೇಲೆ ಒಂದು ಕೂಸು ಮಲಗಿತ್ತು. ಹರಕು ಸೀರೆಯ ತುಂಡಿನ ಮೇಲೆ, ಬೆರಳು ಚೀಪುತ್ತ. ಸ್ವಲ್ಪದರಲ್ಲಿ ನೀರು ಅದರ ಮೇಲೆ ಬೀಳುತ್ತಿತ್ತು.

“ಯಾರದಲೇ ಇದು?” ಎಂದು ಕೂಗಿದೆ. ಶಾಲೆಯೊಳಗಿನಿಂದ ಒಂದು ಹುಡುಗಿ ಓಡಿ ಬಂದಳು. ಊರಾಚೆಯ ಕೇರಿಯ ಮಾರೆಮ್ಮನ ಮಗಳು ಯಂಕಮ್ಮ. ಏಳನೆಯ ತರಗತಿಯಂತೆ.

“ನಮ್ ತಮ್ಮ ರೀ, ದುರುಗ. ಅಳಂಗಿಲ್ಲ ರೀ ಅವ.”

“ಇಲ್ಲಿ ಯಾಕ ಮಲಗಿಸೀದಿ?”

“ನಿಮ್ಮ ಮನಿ ಅಮ್ಮ ಇದ್ದಾಗ ಇಲ್ಲೇ ಮಲಗಿಸ್ತಿದ್ದೆ.”

“ಅಮ್ಮ ಈಗ ಇಲ್ಲ.”

“ಗೊತ್ತೈತಿ ರೀ. ಕಟ್ಟಿ ಐತಲ್ಲ.”

ಎತ್ತಿಕೊಂಡು ನಡೆ ಎಂದೆ. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಶಾಲೆಯ ಕಡೆ ಒಮ್ಮೆ ನೋಡಿ ಹೊಲದ ದಾರಿ ಹಿಡಿದಳು. ನಾನು ಕಟ್ಟೆಗೆ ನೀರು ಹಾಕಿ ತೊಳೆದೆ.

ಜನವರಿ 18, ಗುರುವಾರ

ಮತ್ತೆ ತಂದು ಮಲಗಿಸಿದ್ದಾಳೆ. ಈ ಸಲ ನಾನು ಬಾಗಿಲು ತೆರೆಯುವ ಮೊದಲೇ ಶಾಲೆಯೊಳಗೆ ಹೋಗಿ ಕೂತಿದ್ದಳು. ಕೂಸು ಅತ್ತಿತು. ಅಳಲಿ ಎಂದು ಬಿಟ್ಟೆ. ಹಿತ್ತಲ ಬಾವಿಗೆ ನೀರು ಸೇದಲು ಹೋದರೆ ಅತ್ತಿಗೆ ಕೊಟ್ರಬಸಮ್ಮ ಕಾದು ನಿಂತಿದ್ದಳು. ಮನೆ ಪಾಲಾದಾಗ ಬಾವಿ ಅಣ್ಣನ ಕಡೆಗೆ ಹೋಯಿತು. ನಮ್ಮ ಕಡೆಯಿಂದ ಹೋಗಲು ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿದೆ.

“ಏನಪ್ಪಾ ಉಚ್ಚಂಗೆಪ್ಪ, ಮನಿ ಮುಂದ ಕೇರಿ ಕೂಸು ಬಾಯಿ ಬಡ್ಕೊಳ್ಳಾಕತ್ತೈತಿ. ನಾವು ಇಲ್ಲಿ ಬಾಳೇವು ಮಾಡಬೇಕೋ ಬ್ಯಾಡೋ?”

ನೇರವಾಗಿ ಶಾಲೆಗೆ ಹೋಗಿ ಹೆಡ್ ಮೇಷ್ಟ್ರು ಎರ್ರಿಸ್ವಾಮಿಗೆ ದೂರು ಹೇಳಿದೆ. ಅವರು ಕುರ್ಚಿಯಿಂದ ಏಳಲೂ ಇಲ್ಲ.

“ನಾನೇ ಹೇಳೀನಿ ಅದಕ್ಕ, ಕೂಸು ತಂದ್ರ ಒಳಗ ಬರಬ್ಯಾಡ ಅಂತ. ನನಗಿರೋದು ಎರಡು ಖೋಲಿ. ಒಂದಕ್ಕ ತರಾಕ ಬಿಟ್ರ ಎಲ್ಲಾವೂ ತರ್ತಾವ. ನಾ ಪಾಠ ಮಾಡ್ಲೋ, ಉಚ್ಚೆ ಒರಸ್ಲೋ? ನಿಮ್ಮ ಮನಿಯವ್ರು ಇದ್ದಾಗ ಈ ತ್ರಾಸು ಇರಲಿಲ್ಲ ನೋಡ್ರಿ. ಮೂರು ನಾಕು ಕೂಸು ಅವರ ಹಂತ್ಯಾಕ ಇರ್ತಿದ್ವು.”

ಮೇಷ್ಟ್ರಿಗೆ ಗೊತ್ತಿತ್ತು. ಅತ್ತಿಗೆಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ನಾನು ಪ್ರತಿ ಶನಿವಾರ ರಾತ್ರಿ ಬಂದು, ಉಂಡು, ಮಲಗಿ, ಸೋಮವಾರದ ಬಸ್ಸಿಗೆ ಹೋಗುತ್ತಿದ್ದೆ. ಸಾವಂತ್ರಮ್ಮ ಒಂದು ದಿನವೂ ಬಾಯಿ ಬಿಡಲಿಲ್ಲ.

ಜನವರಿ 27, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ಕೂಸು ಬಂದಿತ್ತು. ಅಳಲಿಲ್ಲ. ಮಣ್ಣು ತಿನ್ನುತ್ತಿತ್ತು, ಬಾಯಿಂದ ತೆಗೆಸಿದೆ.

ಫೆಬ್ರವರಿ 5, ಸೋಮವಾರ

ಹುಡುಗಿಗೆ ಖಡಾಖಂಡಿತ ಹೇಳಿದೆ. ಕಟ್ಟೆಯ ಮೇಲೆ ಇರಲಿ, ಹೊಸ್ತಿಲು ದಾಟಬಾರದು. ನಾನು ಮುಟ್ಟುವುದಿಲ್ಲ. ಉಚ್ಚೆ ಮಾಡಿದರೆ ನೀನೇ ಬಂದು ತೊಳೆಯಬೇಕು. “ಹೂಂ” ಎಂದಳು. ಥ್ಯಾಂಕ್ಸು ಗೀಂಕ್ಸು ಏನೂ ಇಲ್ಲ. ಮುಖ ಗಂಟು ಹಾಕಿಕೊಂಡೇ ಇರುವ ಹುಡುಗಿ. ನನಗೂ ಅದೇ ಬೇಕು.

ಮಧ್ಯಾಹ್ನ ಅಣ್ಣ ಹಾಲಸಿದ್ದಪ್ಪ ಬಂದ. ಅವನ ಹೊಲದಲ್ಲಿ ಹತ್ತಿ ಒಡೆದು ನಿಂತಿದೆ, ಬಿಡಿಸುವ ಕೈ ಸಾಲದು. ಹಾಲು ಕುಡಿಯುವ ಕೂಸಿರುವ ಹೆಂಗಸನ್ನು ಈ ಕಡೆ ಹತ್ತಿ ಬಿಡಿಸಲು ಯಾರೂ ಕರೆಯುವುದಿಲ್ಲ. ಕೂಸು ಅತ್ತಾಗಲೆಲ್ಲ ಎದ್ದು ಹೋಗುತ್ತಾಳೆ, ಸಾಲು ಹಿಂದೆ ಬೀಳುತ್ತದೆ ಎಂದು. ಕೂಸು ನೋಡಿಕೊಳ್ಳಲು ಜೊತೆಗೆ ಮಗಳು ಬಂದರೆ ಮಾತ್ರ ಕರೆಯುತ್ತಾರೆ. ಕೂಸು ನಿದ್ದೆ ಹೋದಾಗ ಮಗಳೂ ಬಿಡಿಸುತ್ತಾಳಲ್ಲ.

“ಆ ಹುಡುಗಿ ಸಾಲ್ಯಾಗ ಕುಂತ್ರ ನನಗ ಒಂದು ಕೈ ಕಡಿಮಿ ಆತು. ಕೂಸು ಎಲ್ಲಿ ಬಿಟ್ಟಾಳ ಅಂತ ಕೇಳಿದ್ರ, ನಿಮ್ಮ ತಮ್ಮನ ಕಟ್ಟಿ ಮ್ಯಾಲ ಅಂತಾರ! ನನ್ನ ಒಡಹುಟ್ಟಿದವನಾ ನನ್ನ ಹೊಲಕ್ಕ ಕಲ್ಲು ಹಾಕಿದ್ರ ಹೆಂಗಲೇ?”

“ನಾ ಏನೂ ಇಟ್ಕಂಡಿಲ್ಲ. ಕಟ್ಟಿ ಮ್ಯಾಲ ಐತಿ, ಅಷ್ಟಾ.”

“ಕಟ್ಟಿ ಯಾರದು?”

ನನಗೆ ಆ ಕೂಸೂ ಬೇಡ, ಅವನ ಹತ್ತಿಯೂ ಬೇಡ. ಆದರೆ ಅಪ್ಪ ನನ್ನ ಪಾಲಿಗೆ ಕೊಟ್ಟ ಕಟ್ಟೆಯ ಬಗ್ಗೆ ಅವನು ಕೇಳುವ ರೀತಿ ಸರಿ ಬರಲಿಲ್ಲ.

ಫೆಬ್ರವರಿ 19, ಸೋಮವಾರ

ಸಂಜೆ ಏಳು ಗಂಟೆ. ಇವತ್ತು ಚಹಾದಂಗಡಿಯಲ್ಲಿ ಕೊಟ್ಟೂರಪ್ಪ ಎಲ್ಲರೆದುರು “ಬರ್ರಿ ಉಚ್ಚಂಗೆವ್ವಾರೆ, ಕೂಸಿಗೆ ಹಾಲು ಕುಡಿಸೀರೇನು?” ಎಂದ. ನಕ್ಕರು. ನಾನು ಚಹಾ ಅರ್ಧಕ್ಕೇ ಬಿಟ್ಟು ಬಂದೆ. ಇನ್ನು ಮನೆಯಲ್ಲೇ ಕಾಸಿಕೊಳ್ಳುವುದು.

ಸಂಜೆ ಮಾರೆಮ್ಮ ಬಂದಳು. ಉಡಿಯಲ್ಲಿ ಹತ್ತಿಯ ಎಳೆಗಳು ಇನ್ನೂ ಅಂಟಿದ್ದವು. ಕಟ್ಟೆಯಿಂದ ದೂರ ನಿಂತು ಕೇಳಿದಳು.

“ನನ್ನ ಕೂಸನ್ನ ನೀವ್ಯಾಕ ನೋಡ್ತೀರಿ?”

“ನಾ ನೋಡಂಗಿಲ್ಲ.”

“ಅದರ ಮಗ್ಗಲ ಕುಂದರ್ತೀರಂತ. ಅಮ್ಮಾರು ಹೆಂಗಸು, ಆ ಮಾತು ಬ್ಯಾರೆ. ಮಕ್ಕಳಿಲ್ಲದೋರ ಕಣ್ಣು ಕೂಸಿನ ಮ್ಯಾಲ ಬಿದ್ರ ಚಲೋ ಅಲ್ಲಂತ ಮಂದಿ ಅಂತಾರ.”

“ಅದು ನನ್ನ ಕಟ್ಟಿ. ನಾ ಕುಂದರ್ತೀನಿ. ಅದು ಮಲಗಿರ್ತೈತಿ. ಬ್ಯಾಡಂದ್ರ ನಾಳಿಯಿಂದ ತರಬ್ಯಾಡ.”

ಹಿಂದೆ ನಿಂತಿದ್ದ ಯಂಕಮ್ಮ ಬಾಯಿ ಹಾಕಿದಳು. “ಯವ್ವಾ, ಏಳನೇತ್ತ ಪಾಸಾದ್ರ ಬಳ್ಳಾರ್ಯಾಗ ಹುಡುಗ್ಯಾರ ಹಾಸ್ಟಲ್ ಐತಿ. ಹೈಸ್ಕೂಲೂ ಅಲ್ಲೇ, ಊಟಾನೂ ಅಲ್ಲೇ. ಮೇಷ್ಟ್ರು ಹೇಳ್ಯಾರ. ಬರೇ ಪರೀಕ್ಷಿ ಮುಗಿಯೋ ಮಟ.”

“ನೀ ಅಲ್ಲಿ ಹೋಗಿ ಉಣ್ಣು. ಇವನ್ನ ನಾ ಕೊರಳಿಗೆ ಕಟ್ಟಿಕೊಂಡು ಸಾಯ್ತೀನಿ,” ಎಂದು ತಲೆಗೆ ಒಂದು ಮೊಟಕಿದಳು. ಆದರೆ ತರಬೇಡ ಎಂದು ಹೇಳಲಿಲ್ಲ.

ಮಕ್ಕಳಿಲ್ಲದವರ ಕಣ್ಣು. ಇದೇ ಮಾತನ್ನು ಸಾವಂತ್ರಮ್ಮನಿಗೂ ಯಾರಾದರೂ ಅಂದಿರಬೇಕು. ಅಂದಿದ್ದರೂ ಅವಳು ನನಗೆ ಹೇಳುತ್ತಿರಲಿಲ್ಲ.

ಮಾರ್ಚ್ 6, ಮಂಗಳವಾರ

ಏನಾಯಿತೋ ಹಾಗೇ ಬರೆಯುತ್ತೇನೆ.

ಕಟ್ಟೆಯ ಮುಂದಿನ ಬೇವಿನ ಮರ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿದೆ. ಮಧ್ಯಾಹ್ನ ತಿರುಗಿದರೆ ಬಿಸಿಲು ಇಡೀ ಕಟ್ಟೆಯ ಮೇಲೆ. ಎರಡು ಕೋಲು ನಿಲ್ಲಿಸಿ ಗೋಣಿ ತಾಟು ಕಟ್ಟಿದ್ದೆ. ಗಾಳಿಗೆ ಅದು ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಒಳಗೆ ಮಲಗಿದ್ದೆ.

ಯಂಕಮ್ಮ ಕೂಗಿದ್ದಕ್ಕೆ ಎದ್ದು ಬಂದೆ. ಕೂಸು ಅಳುತ್ತಿರಲಿಲ್ಲ, ಅದೇ ಹೆದರಿಕೆ. ತುಟಿ ಒಣಗಿತ್ತು, ಮೈ ಕಾದ ಹಂಚಿನ ಹಾಗೆ.

“ಒಳಗ ಮಲಗಿಸ್ರಿ,” ಎಂದಳು.

“ಹೊಸ್ತಿಲು ದಾಟಬಾರದು ಅಂತ ಹೇಳೀನಿ.”

“ಅಮ್ಮ ಬ್ಯಾಸಿಗ್ಯಾಗ ಒಳಗಾ ಮಲಗಿಸ್ತಿದ್ಲು. ದೇವರ ಜಗಲಿ ಮಗ್ಗಲಿಗೆ. ಅಲ್ಲಿ ತಂಪು ಇರ್ತೈತಿ.”

“ಸುಳ್ಳು ಬೊಗಳಬ್ಯಾಡ.”

“ನಾ ಯಾಕ ಸುಳ್ಳು ಹೇಳ್ಲಿ? ಗವಾಕ್ಷಿ ಕೆಳಗಿನ ತೊಲಿ ನೋಡ್ರಿ. ಹಗ್ಗ ತಿಂದ ಗುರುತು ಐತಿ. ಜೋಲಿ ಅಲ್ಲೇ ಕಟ್ತಿದ್ಲು. ನಮ್ಮ ತಂಗಿ ತೀರಿಕೊಂಡಳಲ್ಲ, ಅಕಿನೂ ಅಲ್ಲೇ ಮಲಗ್ತಿದ್ಲು.”

ನಾನು ಬಾಗಿಲು ಹಾಕಿಕೊಂಡೆ. ಅವಳು ಸ್ವಲ್ಪ ಹೊತ್ತು ಹೊರಗೆ ನಿಂತಿದ್ದಳು. ಆಮೇಲೆ ಹೆಜ್ಜೆಯ ಸಪ್ಪಳ ಕೇಳಿತು.

ತೊಲೆಯ ಮೇಲೆ ಗುರುತಿದೆ. ಎರಡು ಕಡೆ ಮರ ನುಣುಪಾಗಿ ಸವೆದಿದೆ. ಮಿಲ್ಲಿನಲ್ಲಿ ಹತ್ತಿ ತುಂಬಿದ ಅಂಡಿಗೆ ಎತ್ತುವ ನಾರಿನ ಹಗ್ಗ ಒಂದು ಬೇಕೆಂದು ಅವಳು ಕೇಳಿದ್ದಳು. ಬಾವಿಗೆ ಎಂದಿದ್ದಳು. ನಾನೇ ಬಳ್ಳಾರಿಯಿಂದ ಹೊತ್ತು ತಂದಿದ್ದೆ.

ಮಾರ್ಚ್ 7, ಬುಧವಾರ

ಸಾವಂತ್ರಮ್ಮ, ಆ ಜಗಲಿಯ ಮುಂದೆ ಕೂತು ನಾನು ಪ್ರತಿ ಭಾನುವಾರ ಪೂಜೆ ಮಾಡುತ್ತಿದ್ದೆ. ನೀನು ಪಕ್ಕದಲ್ಲಿ ವಿಭೂತಿ ಹಿಡಿದುಕೊಂಡು ಕೂರುತ್ತಿದ್ದೆ. ಶನಿವಾರ ಮಧ್ಯಾಹ್ನ ನೆಲ ಸಾರಿಸಿ ನನ್ನನ್ನು ಕಾಯುತ್ತಿದ್ದೆ. ಮನೆ ಎಷ್ಟು ಚೊಕ್ಕ ಇಟ್ಟಿದ್ದಾಳೆ ಎಂದು ನಾನು ಮಿಲ್ಲಿನವರ ಹತ್ತಿರ ಹೇಳಿಕೊಳ್ಳುತ್ತಿದ್ದೆ.

ನನಗೆ ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಸತ್ತವಳ ಜೊತೆ ಜಗಳ ಮಾಡುವುದು ಹೇಗೆ?

ಇವತ್ತು ಒಲೆ ಹಚ್ಚಲಿಲ್ಲ. ಕಟ್ಟೆ ಖಾಲಿ ಇತ್ತು.

ಮಾರ್ಚ್ 10, ಶನಿವಾರ

ಬೆಳಿಗ್ಗೆ ಎರ್ರಿಸ್ವಾಮಿ ಮೇಷ್ಟ್ರು ಬಾಗಿಲಿಗೆ ಬಂದರು. ಕೂರಿರಿ ಎಂದರೆ ಕೂರಲಿಲ್ಲ.

“ಕುಂದ್ರಾಕ ಬಂದಿಲ್ಲ. ಬೈಯಾಕ ಬಂದೀನಿ. ಆ ಹುಡುಗಿ ನಾಕು ದಿನ ಆತು ಸಾಲಿ ಕಡಿ ತಲಿ ಹಾಕಿಲ್ಲ. ನಿಮ್ಮಣ್ಣನ ಹೊಲದಾಗ ಅದಾಳ. ಕೂಸಿಗೆ ವಾಂತಿ ಅಂತ. ಈ ಊರ ಕೇರಿಯಿಂದ ಏಳನೇತ್ತ ಪರೀಕ್ಷಿಗೆ ಕುಂತ ಹೆಣ್ಣು ಇಲ್ಲೀ ಮಟ ಒಂದೂ ಇಲ್ಲ. ಇದೊಂದು ಬಂದಿತ್ತು. ನಿಮ್ಮ ಹೊಸ್ತಿಲು ಅದನ್ನ ತಿಂತು.”

“ನಿಮ್ಮ ಸಾಲಿಗೂ ಹೊಸ್ತಿಲು ಐತಲ್ಲ? ಅದನ್ನ ದಾಟಾಕ ನೀವು ಯಾಕ ಬಿಡಂಗಿಲ್ಲ ಕೂಸನ್ನ?”

ಅವರ ಮುಖ ಕೆಂಪಾಯಿತು. “ನನ್ನ ನೌಕರಿ ಹೋಗ್ತೈತ್ರಿ. ನಿಮ್ಮದು ಏನು ಹೋಗ್ತೈತಿ?” ಎಂದು ಛತ್ರಿ ಬಿಚ್ಚಿಕೊಂಡು ಹೋದರು.

ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಸಿಟ್ಟಿನಲ್ಲೇ ಹೊಲಕ್ಕೆ ಹೋದೆ. ಯಾರಿಗೆ ಬೈಯಲು ಹೋದೆ ಎಂದು ನನಗೇ ಗೊತ್ತಿರಲಿಲ್ಲ. ಬದುವಿನ ಜಾಲಿ ಮರಕ್ಕೆ ಹರಕು ಸೀರೆಯ ಜೋಲಿ ಕಟ್ಟಿದ್ದರು. ಜಾಲಿಯ ನೆರಳು ಎಷ್ಟು ಇರುತ್ತದೆ? ಕೂಸಿನ ಕಣ್ಣುಗಳು ಒಳಗೆ ಹೋಗಿದ್ದವು. ಎತ್ತಿಕೊಂಡೆ. ಹತ್ತಿಯ ಅಂಡಿಗೆ ಎತ್ತಿದ ಕೈ ನನ್ನದು. ಕೂಸು ಇಷ್ಟು ಹಗುರ ಇರುತ್ತದೆ ಎಂದು ಗೊತ್ತಿರಲಿಲ್ಲ.

ಬದುವಿನ ಮೇಲಿಂದ ಅಣ್ಣ ಕೂಗಿದ. “ಉಚ್ಚಂಗ್ಯಾ, ಇಳಸಲೇ ಅದನ್ನ! ಮಂದಿ ನೋಡಾಕತ್ತೈತಿ.”

ಮಾರೆಮ್ಮ ಸಾಲಿನಿಂದ ಎದ್ದಳು. “ನನ್ನ ಕೂಸು ಎಲ್ಲಿಗೆ ಒಯ್ತೀರಿ?”

“ನೆರಳಿಗೆ.”

“ಯಾವ ನೆರಳಿಗೆ?”

“ಮನಿ ಒಳಗ.”

ಅವಳು ಮತ್ತೆ ಸಾಲಿಗೆ ಬಗ್ಗಿದಳು. ಯಂಕಮ್ಮ ಉಡಿಯ ಹತ್ತಿಯನ್ನು ಗೋಣಿಯ ಮೇಲೆ ಸುರಿದು, “ಹಂಗಾರ ನಾ ಸಾಲಿಗೆ ಹೋಗ್ಲ?” ಎಂದಳು. “ಹೋಗಲೇ, ಹೋಗು,” ಎಂದ ಅಣ್ಣ, “ಹತ್ತಿ ಮುಗೀಲಿ, ಆಮ್ಯಾಲ ನಿಮ್ಮವ್ವ ಯಾರ ಹೊಲಕ್ಕ ಹೋಗ್ತಾಳೋ ನಾನೂ ನೋಡ್ತೀನಿ.”

ದಾರಿಯುದ್ದಕ್ಕೂ ಕೂಸು ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತ್ತು. ಬಿಡಿಸಲು ನೋಡಿದೆ. ಕೂಸುಗಳ ಮುಷ್ಟಿ ಬಿಡಿಸುವುದು ಕಷ್ಟ.

ಒಳಗೆ ತಂಪಿತ್ತು. ಹಗ್ಗ ಅಟ್ಟದ ಮೇಲಿತ್ತು. ಸಕ್ಕರೆ ಉಪ್ಪು ಹಾಕಿದ ನೀರನ್ನು ಚಮಚೆಯಲ್ಲಿ ಕುಡಿಸಿದೆ. ಸಂಜೆಗೆ ಒಮ್ಮೆ ಉಚ್ಚೆ ಮಾಡಿತು.

ಮಾರ್ಚ್ 12, ಸೋಮವಾರ

ಬಾವಿಗೆ ಹೋಗುವ ಸಣ್ಣ ಬಾಗಿಲಿಗೆ ಅಣ್ಣ ಆ ಕಡೆಯಿಂದ ಕಲ್ಲು ಮಣ್ಣು ಇಟ್ಟು ಮುಚ್ಚಿಸಿದ್ದಾನೆ. ಗೋಡೆಯ ಆಚೆಯಿಂದ ಅತ್ತಿಗೆ ನನಗೆ ಕೇಳುವ ಹಾಗೆ, “ಇನ್ನ ಕೇರಿ ನೀರು ಕುಡಿ,” ಎಂದಳು. ಊರ ಕೈಪಂಪಿನ ಹತ್ತಿರ ನನ್ನ ಕೊಡ ಬಂದರೆ ಹೆಂಗಸರು ತಮ್ಮ ಕೊಡ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಎಳೆದುಕೊಳ್ಳಲಿ, ಸರತಿ ಬೇಗ ಬರುತ್ತದೆ.

ಸೋಮವಾರದ ಭಿಕ್ಷೆಗೆ ಬರುವ ಅಯ್ಯನವರೂ ನಮ್ಮ ಬಾಗಿಲು ಬಿಟ್ಟು ಮುಂದೆ ಹೋದರು.

ದುರುಗ ಅನ್ನದ ಗಂಜಿ ಉಗುಳುತ್ತಾನೆ. ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿದರೆ ಕುಡಿಯುತ್ತಾನೆ.

ಮಾರ್ಚ್ 21, ಬುಧವಾರ

ಚಮಚೆ ಎಸೆದು ನಗುತ್ತಾನೆ. ನಾನು ಎತ್ತಿಕೊಡುವುದು, ಅವನು ಎಸೆಯುವುದು. ಮಧ್ಯಾಹ್ನವೆಲ್ಲ ಇದೇ. ಕೆಟ್ಟ ಚಾಳಿ.

ಇನ್ನೊಂದು ಹುಡುಗಿ ಇನ್ನೊಂದು ಕೂಸು ತಂದಳು. ಆಗುವುದಿಲ್ಲ ಎಂದೆ. ಹಗ್ಗ ಒಂದೇ ಇರುವುದು.

ಮಾರ್ಚ್ 24, ಶನಿವಾರ

ಇನ್ನೊಂದು ಹಗ್ಗ ತಂದೆ.

ಏಪ್ರಿಲ್ 2, ಸೋಮವಾರ

ಪರೀಕ್ಷೆ ಶುರುವಾಯಿತು. ಕುರುಗೋಡಿನಲ್ಲಿ ಕೇಂದ್ರ. ಹುಡುಗರ ಜೊತೆ ಯಂಕಮ್ಮ ಬೆಳಗಿನ ಬಸ್ಸಿಗೆ ಹೋದಳು. ಬಸ್ಸಿನಲ್ಲಿ ಯಾರೋ ಸೀಟಿನಿಂದ ಎಬ್ಬಿಸಿದರಂತೆ, ನಿಂತೇ ಹೋದಳು. ಸಂಜೆ ಬಂದವಳು ಕೂಸನ್ನು ಎತ್ತಿಕೊಂಡು ಹೊರಟಳು. ಹೇಗೆ ಬರೆದೆ ಎಂದು ನಾನು ಕೇಳಲಿಲ್ಲ. ತಿರುವಿನಲ್ಲಿ ನಿಂತು ಅವಳೇ, “ಕನ್ನಡ ಸಲೀಸಿತ್ತು,” ಎಂದು ಕೂಗಿದಳು.

ಏಪ್ರಿಲ್ 4, ಬುಧವಾರ

ರಾತ್ರಿ ಒಂಬತ್ತು ಗಂಟೆ. ಇವತ್ತು ಅಣ್ಣನ ಹೊಲದಲ್ಲಿ ಕೊನೆಯ ಹತ್ತಿ ಬಿಡಿಸಿ ಮುಗಿಸಿದರು. ಮುಗಿದ ಕೂಡಲೇ ಮಾರೆಮ್ಮನಿಗೆ ಇನ್ನು ಬರಬೇಡ ಎಂದನಂತೆ. ಅವನು ಹೇಳಿದ ಮೇಲೆ ಬೇರೆ ಹೊಲದವರೂ ಕರೆಯುವುದಿಲ್ಲ. ಅವಳ ಗಂಡ ಮಾರೆಣ್ಣ ಸಿರುಗುಪ್ಪದ ಕಡೆ ಭತ್ತದ ಕೊಯ್ಲಿಗೆ ಹೋಗಿ ಆಗಲೇ ಎರಡು ವಾರವಾಗಿದೆ. ಕೂಲಿಯವರ ಲಾರಿ ನಾಳೆ ನಸುಕಿಗೆ ಹೋಗುತ್ತದೆ. ಅವಳೂ ಹೊರಟಿದ್ದಾಳೆ. ಕೂಸನ್ನು ಒಯ್ಯಲು ಬಂದಿದ್ದಳು.

ಈ ಸಲ ಕಟ್ಟೆಯ ಹತ್ತಿರವೇ ನಿಂತಳು. ಬೇವು ಮತ್ತೆ ಚಿಗುರಿದೆ.

“ಕೊಡ್ರಿ ಕೂಸು. ಯಂಕೀ, ನಡೀ, ಗಂಟು ಕಟ್ಟಬೇಕು.”

“ನಂದು ಇನ್ನ ಎರಡು ಪರೀಕ್ಷಿ ಐತಿ,” ಎಂದಳು ಯಂಕಮ್ಮ.

“ಲಾರಿ ನಿನ್ನ ಪರೀಕ್ಷಿಗೆ ಕಾಯ್ತೈತೇನು? ಇಲ್ಲಿ ನಿನಗ ಕೂಳು ಹಾಕೋರು ಯಾರು? ಕೇರ್ಯಾಗ ಒಬ್ಬಾಕೀನ ಬಿಟ್ಟು ಹೋಗಾಕ ನನಗೇನು ತಲಿ ಕೆಟ್ಟೈತೇನು?”

ಹುಡುಗಿ ಅಳಲಿಲ್ಲ. ಪುಸ್ತಕ ಎದೆಗೆ ಒತ್ತಿಕೊಂಡು ಬೇವಿನ ಮರಕ್ಕೆ ಬೆನ್ನು ಹಚ್ಚಿ ನಿಂತಳು, ಕಿತ್ತರೂ ಬರುವುದಿಲ್ಲ ಎನ್ನುವ ಹಾಗೆ. ಅವಳಿಗೆ ನಾನು ಅಲ್ಲಿದ್ದೇನೆ ಎಂಬುದೂ ನೆನಪಿದ್ದಂತೆ ಕಾಣಲಿಲ್ಲ.

“ಕೂಸಿದ್ದೋರನ್ನ ಭತ್ತದ ಮೇಸ್ತ್ರಿ ಕೆಲಸಕ್ಕ ಹಚ್ಚತಾನೇನು?” ಎಂದು ಕೇಳಿದೆ.

“ಹಚ್ಚಂಗಿಲ್ಲ. ಹುಡುಗಿ ನೋಡ್ಕಂಡ್ರ ಹಚ್ಚತಾನ.”

“ಎರಡೂ ಇಲ್ಲೇ ಇರ್ಲಿ. ಪರೀಕ್ಷಿ ಮುಗದ ಮ್ಯಾಲ ನಾನಾ ಸಿರುಗುಪ್ಪಿಗೆ ಕರ್ಕೊಂಡು ಬಂದು ಬಿಡ್ತೀನಿ.”

ಮಾರೆಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಕೂಸು ಮೊಲಿ ಬಿಟ್ಟೈತಿ, ಅಂಬಲಿ ಕುಡಿತೈತಿ, ಆ ಚಿಂತಿ ಇಲ್ಲ. ಎಲ್ಲಿ ಇರ್ತಾರ? ಕಟ್ಟಿ ಮ್ಯಾಲನ?”

“ಒಳಗ.”

“ನನ್ನ ಮಗಳು ಬೆಳದ ಹುಡುಗಿ. ಒಬ್ಬ ಗಂಡಸಿನ ಮನ್ಯಾಗ...”

ಅದು ನನಗೆ ಹೊಳೆದಿರಲಿಲ್ಲ. “ಅವರು ಒಳಗ ಅಗಳಿ ಹಾಕ್ಕೊಂಡು ಮಲಗ್ಲಿ,” ಎಂದೆ. “ಕಟ್ಟಿ ಮ್ಯಾಲ ನಾ ಮಲಗ್ತೀನಿ.”

ಅವಳು ಅಣ್ಣನ ಮನೆಯ ಕಡೆ ನೋಡಿದಳು. “ನಿಮ್ಮಣ್ಣ ಸುಮ್ನಿರ್ತಾನ?”

“ಇರಂಗಿಲ್ಲ.”

“ಊರು?”

“ಅದೂ ಇರಂಗಿಲ್ಲ.”

ಆಗ ಅವಳು ನನ್ನೆದುರು ಮೊದಲ ಸಲ ಕಟ್ಟೆ ಹತ್ತಿ, ಹೊಸ್ತಿಲ ಹತ್ತಿರ ನಿಂತು ಒಳಗೆ ಇಣುಕಿದಳು. ತೊಲೆಯನ್ನು ನೋಡಿದಳು, ಜೋಲಿಯ ಗಂಟನ್ನು ನೋಡಿದಳು. “ಗಂಟು ಸಡ್ಲ ಹಾಕೀರಿ. ಅಮ್ಮ ಎರಡು ಸುತ್ತು ಹಾಕ್ತಿದ್ಲು,” ಎಂದು ಒಳಗೆ ಹೋಗಿ ಬಿಚ್ಚಿ ಮತ್ತೆ ಕಟ್ಟಿದಳು. ಮಗಳಿಗೆ “ಅವನ್ನ ಅಳಸಬ್ಯಾಡ” ಎಂದಳು. ಕಟ್ಟೆ ಇಳಿದು ಹೋದಳು. ಅವಳು ಈ ಮನೆಯೊಳಗೆ ಮೊದಲೂ ಬಂದಿದ್ದಳು ಎಂದು ಈಗ ಬರೆಯುವಾಗ ತಿಳಿಯಿತು.

ಯಂಕಮ್ಮ ಒಳಗೆ ದೀಪದ ಹತ್ತಿರ ಲೆಕ್ಕ ಬಿಡಿಸುತ್ತಿದ್ದಾಳೆ. ನಾನು ಕಟ್ಟೆಯ ಮೇಲೆ ಲಾಟೀನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಣ್ಣನ ಮನೆಯಿಂದ ಯಾರೋ ಎರಡು ಸಲ ಬಂದು ನೋಡಿ ಹೋದರು. ಒಂದು ಕಲ್ಲು ಮಾಳಿಗೆಯ ಮೇಲೆ ಬಿತ್ತು. ಕೂಸಿಗೆ ಎಚ್ಚರವಾಗಲಿಲ್ಲ.

ನಾಳೆ ಗಣಿತದ ಪರೀಕ್ಷೆ, ಬಸ್ಸು ಏಳಕ್ಕೆ. ಈಗ ಮೂವರಿದ್ದೇವೆ, ಒಂದು ಕೊಡ ನೀರು ಸಾಲದು. ಬೇಗ ಎದ್ದು ಕೈಪಂಪಿಗೆ ಎರಡು ಸಲ ಹೋಗಬೇಕು.